ಎಪ್ಪತ್ತರ ದಶಕದ ಚಿತ್ರಗಳು: ಕಲಾತ್ಮಕ ಯಾವುದು, ಕಲ್ಟ್ ಯಾವುದು?

ಸಿನಿಮಾ ಬಗ್ಗೆ ಗಂಭೀರವಾಗಿ ಮಾತನಾಡುವವರ ನಡುವೆ ಎರಡು ಪದಗಳು ಪದೇ ಪದೇ ಕಿವಿಗೆ ಬೀಳುತ್ತವೆ. ಒಂದು ‘ಕಲಾತ್ಮಕ ಚಿತ್ರ’, ಇನ್ನೊಂದು ‘ಕಲ್ಟ್ ಚಿತ್ರ’. ಮೊದಲನೆಯದರ ಪರಿಚಯ ನಮಗೆ ಹಳೆಯದು. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಪಡೆದ ಪ್ರಾದೇಶಿಕ ಭಾಷೆಗಳ ಚಿತ್ರಗಳು ಬರುತ್ತಿದ್ದ ಕಾಲದಲ್ಲಿ, ‘ಇದು ಆರ್ಟ್ ಫಿಲಂ’ ಎಂಬ ಮಾತು ಕೇಳಿದೊಡನೆ ಮನೆಯಲ್ಲಿ ಕೆಲವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು, ಕೆಲವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಎರಡನೆಯ ಪದ ನಮ್ಮಲ್ಲಿ ಈಚಿನದು. ಈಗಂತೂ ಅದು ಎಷ್ಟು ಸಸ್ತಾ ಆಗಿದೆಯೆಂದರೆ, ಎರಡು ವರ್ಷ ಜನರ ನೆನಪಿನಲ್ಲಿ ಉಳಿದ ಯಾವ ಚಿತ್ರವನ್ನಾದರೂ ಕಲ್ಟ್ ಎಂದು ಕರೆದುಬಿಡುತ್ತಾರೆ.

ಇವೆರಡೂ ಒಂದೇ ಅಲ್ಲ. ಒಂದಕ್ಕೊಂದು ವಿರುದ್ಧವೂ ಅಲ್ಲ. ‘ಕಲಾತ್ಮಕ’ ಎನ್ನುವುದು ಚಿತ್ರ ಹೇಗೆ ತಯಾರಾಯಿತು ಎಂಬುದನ್ನು ಹೇಳುವ ಪದ. ಅದರ ಹಿಂದೆ ಒಬ್ಬ ನಿರ್ದೇಶಕನ ಅಥವಾ ನಿರ್ದೇಶಕಿಯ ಸ್ವಂತ ದೃಷ್ಟಿ ಇದೆ, ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಅದನ್ನು ಮಾಡಿಲ್ಲ ಎಂದು ಅರ್ಥ. ‘ಕಲ್ಟ್’ ಎನ್ನುವುದು ಚಿತ್ರವನ್ನು ಜನ ಹೇಗೆ ನೋಡಿದರು ಎಂಬುದನ್ನು ಹೇಳುವ ಪದ. ಪೂಜೆ, ಪಂಥ ಎಂಬ ಅರ್ಥದ ಮಾತು ಅದು. ಒಂದು ಸಣ್ಣ ಗುಂಪು ಒಂದು ಚಿತ್ರವನ್ನು ಪದೇ ಪದೇ ನೋಡುತ್ತದೆ, ಅದರ ಮಾತುಗಳನ್ನು ಬಾಯಿಪಾಠ ಮಾಡುತ್ತದೆ, ಗೆಳೆಯರನ್ನು ಎಳೆದುಕೊಂಡು ಹೋಗಿ ತೋರಿಸುತ್ತದೆ. ಅಂಥ ಚಿತ್ರ ಶ್ರೇಷ್ಠವಾಗಿರಬೇಕೆಂದೇನೂ ಇಲ್ಲ. ತೀರಾ ಕಳಪೆ ಚಿತ್ರಗಳಿಗೂ ಇಂಥ ಭಕ್ತರಿದ್ದಾರೆ. ಯಾವ ನಿರ್ದೇಶಕನೂ ಕಲ್ಟ್ ಚಿತ್ರ ಮಾಡುತ್ತೇನೆಂದು ಹೊರಡಲಾರ. ಹೊರಟರೂ ಅದು ಅವನ ಕೈಯಲ್ಲಿಲ್ಲ, ಪ್ರೇಕ್ಷಕರ ಕೈಯಲ್ಲಿದೆ.

ಈ ಎರಡೂ ಬಗೆಯ ಚಿತ್ರಗಳು ಒಟ್ಟಿಗೇ ಹುಲುಸಾಗಿ ಬೆಳೆದದ್ದು 1970ರ ದಶಕದಲ್ಲಿ. ಅದಕ್ಕೆ ಕಾರಣಗಳು ಒಂದೊಂದು ದೇಶದಲ್ಲಿ ಒಂದೊಂದು. ಅಮೆರಿಕದಲ್ಲಿ ಹಾಲಿವುಡ್ಡಿನ ಹಳೆಯ ನಿಯಮಾವಳಿ ಹೋಗಿ 1968ರಲ್ಲಿ ವಯೋಮಾನಕ್ಕೆ ತಕ್ಕ ವರ್ಗೀಕರಣ ಬಂದಿತ್ತು. ಟೆಲಿವಿಷನ್ನಿನಿಂದಾಗಿ ಬಿಕೋ ಎನ್ನುತ್ತಿದ್ದ ಹಳೆಯ ಚಿತ್ರಮಂದಿರಗಳು ಏನನ್ನಾದರೂ ತೋರಿಸಲು ಸಿದ್ಧವಾಗಿದ್ದವು. ಪಶ್ಚಿಮ ಜರ್ಮನಿಯಲ್ಲಿ ಆದದ್ದು ಇದಕ್ಕೆ ತಿರುಗಾಮುರುಗಾ. ಅಲ್ಲಿ ಸಾರ್ವಜನಿಕ ಟೆಲಿವಿಷನ್ನೇ ಮುಂದೆ ಬಂದು ಹೊಸ ನಿರ್ದೇಶಕರಿಗೆ ಹಣ ಕೊಟ್ಟಿತು. ವರ್ನರ್ ಹೆರ್ಟ್ಸೋಗ್, ಫಾಸ್‌ಬಿಂಡರ್ ಮೊದಲಾದವರ ಎಷ್ಟೋ ಚಿತ್ರಗಳ ಹಿಂದೆ ಟೆಲಿವಿಷನ್ ಸಂಸ್ಥೆಯೊಂದರ ಪಾಲಿದೆ. ಟೆಲಿವಿಷನ್ ಸಿನಿಮಾವನ್ನು ಕೊಂದಿತು ಎಂದು ದೂರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸೆಕೆಂಡ್ ಶೋ ಮುಗಿದ ಮೇಲಿನ ಆಟ

ಮೊದಲು ಕಲ್ಟ್ ಕಡೆಯ ಕಥೆ ನೋಡೋಣ. ನ್ಯೂಯಾರ್ಕ್ ನಗರದಲ್ಲಿ ಎಲ್ಜಿನ್ ಎಂಬ ಹಳೆಯ ಚಿತ್ರಮಂದಿರವಿತ್ತು. ಅದನ್ನು ನಡೆಸುತ್ತಿದ್ದವರು ಬೆನ್ ಬ್ಯಾರನ್‌ಹೋಲ್ಟ್ಸ್. 1970ರ ಡಿಸೆಂಬರಿನಲ್ಲಿ ಅವರು ‘ಎಲ್ ತೋಪೊ’ ಎಂಬ ಚಿತ್ರವನ್ನು ತಂದು ಮಧ್ಯರಾತ್ರಿಯ ಆಟಕ್ಕೆ ಹಾಕಿದರು. ಚಿಲಿ ದೇಶದಲ್ಲಿ ಹುಟ್ಟಿದ ಅಲೆಹಾಂದ್ರೊ ಹೊದೊರೊವ್‌ಸ್ಕಿ ಮೆಕ್ಸಿಕೋದಲ್ಲಿ ಮಾಡಿದ ಚಿತ್ರ ಅದು. ಕಪ್ಪು ಬಟ್ಟೆಯ ಬಂದೂಕುಧಾರಿಯೊಬ್ಬ ಮರಳುಗಾಡಿನಲ್ಲಿ ಗುರುಗಳನ್ನು ಹುಡುಕಿಕೊಂಡು ಹೋಗುತ್ತಾನೆ. ಕೌಬಾಯ್ ಕಥೆ, ಬೈಬಲ್ಲಿನ ಸಂಕೇತಗಳು, ಪೂರ್ವದೇಶಗಳ ಅಧ್ಯಾತ್ಮ, ಧಾರಾಳವಾಗಿ ರಕ್ತ, ಎಲ್ಲವೂ ಅದರಲ್ಲಿ ಬೆರೆತಿವೆ. ಜಾಹೀರಾತು ಇಲ್ಲವೆನ್ನುವಷ್ಟು ಕಡಿಮೆ. ಆದರೂ ಬಾಯಿಂದ ಬಾಯಿಗೆ ಸುದ್ದಿ ಹರಡಿ ವಾರದ ಏಳು ರಾತ್ರಿಯೂ ಜನ ತುಂಬಿದರು. ಆರು ತಿಂಗಳು ಚಿತ್ರ ಓಡಿತು.

ಇದಾದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. ಬೀಟಲ್ಸ್ ತಂಡದ ಜಾನ್ ಲೆನನ್ ಚಿತ್ರವನ್ನು ಬಹಳ ಮೆಚ್ಚಿಕೊಂಡರು. ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಲನ್ ಕ್ಲೈನ್ ಅದರ ಹಕ್ಕುಗಳನ್ನು ಕೊಂಡು, ಎಲ್ಜಿನ್‌ನಿಂದ ತೆಗೆಸಿ, ದೊಡ್ಡ ಚಿತ್ರಮಂದಿರದಲ್ಲಿ ಎಲ್ಲ ಚಿತ್ರಗಳಂತೆ ಬಿಡುಗಡೆ ಮಾಡಿದರು. ಅಲ್ಲಿ ಅದು ಕೆಲವೇ ದಿನಗಳಲ್ಲಿ ಬಿದ್ದುಹೋಯಿತು. ಅದೇ ಚಿತ್ರ, ಅದೇ ಊರು. ಬದಲಾದದ್ದು ಗಡಿಯಾರದ ಹೊತ್ತು ಮತ್ತು ಅಕ್ಕಪಕ್ಕದಲ್ಲಿ ಕೂತ ಜನ, ಅಷ್ಟೆ. ಮುಂದೆ ಕ್ಲೈನ್‌ಗೂ ನಿರ್ದೇಶಕರಿಗೂ ಜಗಳವಾಗಿ ಸುಮಾರು 30 ವರ್ಷ ಚಿತ್ರ ಬೀಗದೊಳಗೆ ಉಳಿಯಿತು. ರಾಜಿಯಾಗಿ ಅದು ಡಿವಿಡಿ ರೂಪದಲ್ಲಿ ಹೊರಬಂದದ್ದು 2007ರಲ್ಲಿ. ನನ್ನ ಮಟ್ಟಿಗೆ ಹೇಳುವುದಾದರೆ ‘ಎಲ್ ತೋಪೊ’ ಅದರ ಹೆಸರಿನಷ್ಟು ದೊಡ್ಡ ಚಿತ್ರವಲ್ಲ. ಅದರ ಸಂಕೇತಗಳಲ್ಲಿ ಅರ್ಧಕ್ಕರ್ಧ ಬರಿಯ ಗದ್ದಲ. ಆದರೆ ಮಧ್ಯರಾತ್ರಿಯ ಆಟ ಎಂಬ ಬಾಗಿಲನ್ನು ತೆರೆದ ಚಿತ್ರ ಅದು. ಎಲ್ಜಿನ್ ಕಟ್ಟಡದಲ್ಲಿ 1982ರಿಂದ ನೃತ್ಯ ರಂಗಮಂದಿರವಿದೆ.

ಆ ಬಾಗಿಲಿನಿಂದ ಒಳಬಂದವುಗಳಲ್ಲಿ ತೀರಾ ವಿಚಿತ್ರವಾದದ್ದು ‘ದಿ ರಾಕಿ ಹಾರರ್ ಪಿಕ್ಚರ್ ಶೋ’. 1975ರಲ್ಲಿ ಬಿಡುಗಡೆಯಾದಾಗ ಹೆಚ್ಚಿನ ಕಡೆ ಸೋತ ಸಂಗೀತಮಯ ಚಿತ್ರ. 1976ರ ಏಪ್ರಿಲ್ 1ರಂದು ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದಲ್ಲಿ ಮಧ್ಯರಾತ್ರಿಯ ಆಟವಾಗಿ ಶುರುವಾಯಿತು. ಕ್ರಮೇಣ ಪ್ರೇಕ್ಷಕರು ತೆರೆಯ ಮೇಲಿನ ಪಾತ್ರಗಳಿಗೆ ಎದುರು ಮಾತು ಕೂಗತೊಡಗಿದರು. ಪಾತ್ರಗಳ ವೇಷ ಹಾಕಿಕೊಂಡು ಬಂದರು. ತೆರೆಯ ಮೇಲೆ ಮದುವೆ ನಡೆದರೆ ಅಕ್ಕಿ ಎರಚಿದರು, ಮಳೆ ಬಂದರೆ ಪಿಚಕಾರಿಯಿಂದ ನೀರು ಹಾರಿಸಿದರು. ಇಂದಿಗೂ ಜಗತ್ತಿನ ಎಷ್ಟೋ ಊರುಗಳಲ್ಲಿ ಅದರ ಮಧ್ಯರಾತ್ರಿಯ ಆಟಗಳು ನಡೆಯುತ್ತವೆ. ನಮ್ಮ ಚಿತ್ರಮಂದಿರಗಳಲ್ಲಿ ನಾಯಕ ಕಾಣಿಸಿಕೊಂಡಾಗ ಚಿಲ್ಲರೆ ತೂರಿ ಶಿಳ್ಳೆ ಹಾಕುವುದನ್ನು ಕಂಡವರಿಗೆ ಇದೇನು ಮಹಾ ಎನ್ನಿಸಬಹುದು. ವ್ಯತ್ಯಾಸ ಇಷ್ಟೆ. ನಮ್ಮಲ್ಲಿ ಅಭಿಮಾನ ನಟನ ಮೇಲೆ. ಅವನ ಮುಂದಿನ ಚಿತ್ರಕ್ಕೂ ಅದು ಹಾಗೆಯೇ ದಾಟುತ್ತದೆ. ಅಲ್ಲಿ ಅದು ಒಂದೇ ಒಂದು ಚಿತ್ರದ ಮೇಲೆ.

ಐದು ವರ್ಷದ ಒಂದು ಚಿತ್ರ

ಕಲಾತ್ಮಕವೂ ಹೌದು, ಕಲ್ಟ್ ಕೂಡ ಹೌದು ಎನ್ನುವಂಥದ್ದಕ್ಕೆ ಉದಾಹರಣೆ ಡೇವಿಡ್ ಲಿಂಚ್ ಅವರ ‘ಇರೇಸರ್‌ಹೆಡ್’. ಲಾಸ್ ಏಂಜಲೀಸಿನ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಲಿಂಚ್ ಇದನ್ನು 1972ರಲ್ಲಿ ಆರಂಭಿಸಿದರು. ಸಂಸ್ಥೆ ಕೊಟ್ಟದ್ದು 10,000 ಡಾಲರ್. ಸಂಸ್ಥೆ ಇದ್ದ ದೊಡ್ಡ ಬಂಗಲೆಯ ಹಿಂದಿನ ಕುದುರೆ ಲಾಯಗಳೇ ಅವರ ಸ್ಟುಡಿಯೋ. ಹಣ ಮುಗಿದಾಗ ಚಿತ್ರೀಕರಣ ನಿಲ್ಲುತ್ತಿತ್ತು. ಲಿಂಚ್ ರಾತ್ರಿ ಹೊತ್ತು ಮನೆಮನೆಗೆ ದಿನಪತ್ರಿಕೆ ಹಾಕಿ ಸಂಪಾದಿಸಿದರು, ಗೆಳೆಯರು ಕೈಯಿಂದ ಹಣ ಹಾಕಿದರು. ನಾಯಕ ಹೆನ್ರಿಯ ಪಾತ್ರ ಮಾಡಿದ ಜ್ಯಾಕ್ ನಾನ್ಸ್ ಆಕಾಶಕ್ಕೆ ನಿಂತಂತಿರುವ ಆ ತಲೆಗೂದಲನ್ನು ವರ್ಷಗಟ್ಟಲೆ ಹಾಗೆಯೇ ಕಾಪಾಡಿಕೊಳ್ಳಬೇಕಾಯಿತು. ಚಿತ್ರದಲ್ಲಿ ಒಂದೆಡೆ ಹೆನ್ರಿ ಬಾಗಿಲ ಹಿಡಿಯ ಮೇಲೆ ಕೈಯಿಡುತ್ತಾನೆ. ಮರುಕ್ಷಣವೇ ಕೋಣೆಯ ಒಳಗೆ ಬರುತ್ತಾನೆ. ಆ ಎರಡು ತುಣುಕುಗಳ ನಡುವೆ ಒಂದೂವರೆ ವರ್ಷ ಕಳೆದಿತ್ತು ಎಂದು ಲಿಂಚ್ ಹೇಳಿಕೊಂಡಿದ್ದಾರೆ. ಸಂಕಲನ ಎಂದರೇನು ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ಈ ಒಂದು ಉದಾಹರಣೆ ಕೊಡಬಹುದು.

ಕಥೆ ಹೇಳುವುದು ಕಷ್ಟ. ಕಾರ್ಖಾನೆಗಳ ಊರಿನಲ್ಲಿ ಒಬ್ಬ ಅಂಜುಬುರುಕ ಯುವಕ, ಅವನಿಗೆ ಹುಟ್ಟಿದ ಮಗು ಮನುಷ್ಯರ ಮಗುವಿನಂತಿಲ್ಲ. ಅದು ಅಳುತ್ತಲೇ ಇರುತ್ತದೆ. ಆ ಮಗುವನ್ನು ಹೇಗೆ ಮಾಡಿದರೆಂದು ಲಿಂಚ್ ಕೊನೆಯವರೆಗೂ ಬಾಯಿಬಿಡಲಿಲ್ಲ. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮಗುವಲ್ಲ, ಶಬ್ದ. ಧ್ವನಿ ಸಂಯೋಜಕ ಅಲನ್ ಸ್ಪ್ಲೆಟ್ ಜೊತೆ ಸೇರಿ ಲಿಂಚ್ ಇಡೀ ಚಿತ್ರದ ತಳದಲ್ಲಿ ಒಂದು ಗುಂಯ್‌ಗುಡುವ ನಾದವನ್ನು, ಹಬೆ ಸೋರುವ ಸದ್ದನ್ನು, ಎಲ್ಲೋ ಗೋಡೆಯಾಚೆ ಯಂತ್ರ ತಿರುಗುತ್ತಿರುವ ಭಾವವನ್ನು ಹರಡಿದ್ದಾರೆ. ಮನೆಯಲ್ಲಿ ಫ್ರಿಜ್ ಇದ್ದಕ್ಕಿದ್ದಂತೆ ನಿಂತಾಗಲೇ ಅದು ಇಷ್ಟು ಹೊತ್ತು ಸದ್ದು ಮಾಡುತ್ತಿತ್ತೆಂದು ನಮಗೆ ತಿಳಿಯುತ್ತದಲ್ಲ, ಹಾಗೆ ಈ ಶಬ್ದ ನಮಗೆ ಗೊತ್ತಾಗದೆಯೇ ಒಳಗೆ ಇಳಿದಿರುತ್ತದೆ.

1977ರಲ್ಲಿ ಚಿತ್ರ ಹೊರಬಂದಾಗ ಅದನ್ನು ಹಂಚಲು ಮುಂದಾದವರು ಅದೇ ಬ್ಯಾರನ್‌ಹೋಲ್ಟ್ಸ್. ನ್ಯೂಯಾರ್ಕಿನ ಸಿನಿಮಾ ವಿಲೇಜ್ ಚಿತ್ರಮಂದಿರದಲ್ಲಿ ಮಧ್ಯರಾತ್ರಿ ಹಾಕಿದರು. ಮೊದಲ ರಾತ್ರಿಗಳಲ್ಲಿ ಬಂದವರನ್ನು ಬೆರಳೆಣಿಸಿ ಹೇಳಬಹುದಿತ್ತು. ಆದರೂ ಚಿತ್ರವನ್ನು ತೆಗೆಯಲಿಲ್ಲ. ಬಂದವರು ಮತ್ತೆ ಬಂದರು, ಬೇರೆಯವರನ್ನೂ ಕರೆತಂದರು. ವರ್ಷಗಟ್ಟಲೆ ಅದು ಬೇರೆ ಬೇರೆ ಮಂದಿರಗಳಲ್ಲಿ ನಡೆಯಿತು. ಹಾಸ್ಯಚಿತ್ರಗಳಿಗೆ ಹೆಸರಾದ ಮೆಲ್ ಬ್ರೂಕ್ಸ್ ಅದನ್ನು ನೋಡಿದ ಮೇಲೆಯೇ ‘ದಿ ಎಲಿಫೆಂಟ್ ಮ್ಯಾನ್’ ಚಿತ್ರದ ನಿರ್ದೇಶನವನ್ನು ಲಿಂಚ್‌ಗೆ ಒಪ್ಪಿಸಿದರು. 1980ರ ಆ ಚಿತ್ರ ಎಂಟು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ಮೊದಲ ವಾರದ ಗಲ್ಲಾಪೆಟ್ಟಿಗೆ ನೋಡಿ ಚಿತ್ರ ತೆಗೆಯುವ ಪದ್ಧತಿ ಅಲ್ಲಿಯೂ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಹಳ್ಳಿಗೆ ಬಂದ ಟೂರಿಂಗ್ ಸಿನಿಮಾ

ಇನ್ನು ಯೂರೋಪಿನ ಕಡೆಗೆ ಬರೋಣ. ಅಲ್ಲಿನ ಮೂರು ಚಿತ್ರಗಳ ಬಗ್ಗೆ ಹೇಳುತ್ತೇನೆ. ಮೊದಲನೆಯದು ಸ್ಪೇನಿನ ವಿಕ್ತೋರ್ ಎರಿಸೆ 1973ರಲ್ಲಿ ಮಾಡಿದ ‘ಜೇನುಗೂಡಿನ ಚೇತನ’. ಇಂಗ್ಲಿಷಿನಲ್ಲಿ ಇದನ್ನು ‘ದಿ ಸ್ಪಿರಿಟ್ ಆಫ್ ದಿ ಬೀಹೈವ್’ ಎನ್ನುತ್ತಾರೆ.

ಕಾಲ ಸುಮಾರು 1940. ಬಯಲುಸೀಮೆಯ ಒಂದು ಒಣ ಹಳ್ಳಿಗೆ ಲಾರಿಯೊಂದು ಬರುತ್ತದೆ. ಹುಡುಗರು ಕೂಗುತ್ತಾ ಹಿಂದೆ ಓಡುತ್ತಾರೆ. ಲಾರಿಯಲ್ಲಿ ಬಂದಿರುವುದು ಸಿನಿಮಾ ರೀಲಿನ ಡಬ್ಬಿಗಳು. ಊರಿನ ಹೆಂಗಸೊಬ್ಬಳು ತುತ್ತೂರಿ ಊದಿ ಆಟದ ಹೊತ್ತು ಸಾರುತ್ತಾಳೆ. ಜನ ತಮ್ಮ ತಮ್ಮ ಮನೆಯಿಂದ ಕುರ್ಚಿ ಹೊತ್ತು ಬಂದು ಕೂರುತ್ತಾರೆ. ಟೂರಿಂಗ್ ಟಾಕೀಸಿನ ಕಾಲ ಕಂಡ ನಮ್ಮ ಊರುಗಳ ಹಿರಿಯರಿಗೆ ಈ ದೃಶ್ಯಕ್ಕೆ ವಿವರಣೆಯೇ ಬೇಡ. ತೋರಿಸುವ ಚಿತ್ರ 1931ರ ‘ಫ್ರಾಂಕನ್‌ಸ್ಟೈನ್’. ಅದರಲ್ಲಿ ರಾಕ್ಷಸ ಒಂದು ಪುಟ್ಟ ಹುಡುಗಿಯೊಡನೆ ಕೆರೆಯ ದಂಡೆಯಲ್ಲಿ ಆಡುತ್ತಾನೆ. ಆಮೇಲೆ ಹುಡುಗಿ ಸತ್ತಿರುತ್ತಾಳೆ. ನೋಡುತ್ತಿದ್ದ ಆನಾ ಎಂಬ ಬಾಲಕಿ ಅಕ್ಕನನ್ನು ಕೇಳುತ್ತಾಳೆ: ಅವಳನ್ನು ಯಾಕೆ ಕೊಂದ, ಅವನನ್ನು ಯಾಕೆ ಕೊಂದರು? ಅವನು ಸತ್ತಿಲ್ಲ, ಕಣ್ಣುಮುಚ್ಚಿ ಕರೆದರೆ ಬರುತ್ತಾನೆ ಎಂದು ಅಕ್ಕ ಸುಳ್ಳು ಹೇಳುತ್ತಾಳೆ. ಮಗು ನಂಬುತ್ತದೆ. ಉಳಿದ ಚಿತ್ರವೆಲ್ಲ ಆ ನಂಬಿಕೆಯ ಬೆನ್ನು ಹತ್ತಿ ಹೋಗುತ್ತದೆ.

ಪಾತ್ರ ಮಾಡಿದ ಆನಾ ತೊರೆಂತ್ ಆಗ ತೀರಾ ಚಿಕ್ಕವಳು. ಪಾತ್ರಗಳಿಗೆ ಬೇರೆ ಹೆಸರಿಟ್ಟರೆ ಅವಳಿಗೆ ಗೊಂದಲವಾಗುತ್ತಿತ್ತೆಂದು ಎರಿಸೆ ನಟರ ಹೆಸರುಗಳನ್ನೇ ಪಾತ್ರಗಳಿಗೂ ಇಟ್ಟರು. ‘ಫ್ರಾಂಕನ್‌ಸ್ಟೈನ್’ ನೋಡುವಾಗ ಅವಳ ಮುಖದಲ್ಲಿ ಮೂಡುವ ಬೆರಗು ನಟನೆಯಲ್ಲ. ಚಿತ್ರವನ್ನು ನಿಜವಾಗಿ ತೋರಿಸಿ, ಕೈಯಲ್ಲಿ ಕ್ಯಾಮರಾ ಹಿಡಿದು ಸೆರೆಹಿಡಿದದ್ದು. ಛಾಯಾಗ್ರಾಹಕ ಲೂಯಿಸ್ ಕ್ವಾದ್ರಾದೊ ಅವರ ದೃಷ್ಟಿ ಆ ಹೊತ್ತಿಗಾಗಲೇ ಮಂದವಾಗುತ್ತಿತ್ತು. ಆದರೂ ಮನೆಯ ಕಿಟಕಿಗಳ ಆರುಮೂಲೆಯ ಗಾಜಿನಿಂದ ಇಳಿಯುವ ಜೇನುಬಣ್ಣದ ಬೆಳಕನ್ನು ನೋಡಿದರೆ ಯಾರೂ ಹಾಗೆಂದು ಹೇಳಲಾರರು.

ಈ ಚಿತ್ರ ತಯಾರಾದಾಗ ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೊ ಇನ್ನೂ ಬದುಕಿದ್ದ. 1939ರಲ್ಲಿ ಮುಗಿದ ಅಂತರ್ಯುದ್ಧದ ಬಗ್ಗೆ, ಸೋತವರ ಪರವಾಗಿ ಬಾಯಿಬಿಟ್ಟು ಮಾತನಾಡುವಂತಿರಲಿಲ್ಲ. ಎರಿಸೆ ಮಾತನಾಡಲಿಲ್ಲ. ಕುರಿದೊಡ್ಡಿಯಂಥ ಪಾಳುಮನೆಯಲ್ಲಿ ಗಾಯಗೊಂಡು ಅಡಗಿದ ಒಬ್ಬ ಅಪರಿಚಿತ, ಎಲ್ಲಿಗೋ ಕಾಗದ ಬರೆಯುವ ತಾಯಿ, ಜೇನುಹುಳುಗಳ ನಿಲ್ಲದ ದುಡಿಮೆಯ ಬಗ್ಗೆ ರಾತ್ರಿಯೆಲ್ಲ ಟಿಪ್ಪಣಿ ಮಾಡುವ ತಂದೆ. ಇಷ್ಟನ್ನು ತೋರಿಸಿ ಸುಮ್ಮನಾದರು. ಆ ಅಪರಿಚಿತ ಯಾರೆಂದು ಸ್ಪೇನಿನ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಲಾತ್ಮಕ ಚಿತ್ರದಲ್ಲಿ ಯಾಕೆ ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕೆಲವೊಮ್ಮೆ ಅದು ನಿರ್ದೇಶಕನ ಅಹಂಕಾರವೇ ಇರಬಹುದು. ಇಲ್ಲಿ ಮಾತ್ರ ಮೌನವೇ ಏಕೈಕ ದಾರಿಯಾಗಿತ್ತು. ಎರಿಸೆ ಇಡೀ ಬದುಕಿನಲ್ಲಿ ಮಾಡಿದ ಪೂರ್ಣಾವಧಿ ಚಿತ್ರಗಳು ನಾಲ್ಕೇ. ನಾಲ್ಕನೆಯದಾದ ‘ಕ್ಲೋಸ್ ಯುವರ್ ಐಸ್’ ಬಂದದ್ದು 2023ರಲ್ಲಿ. 50 ವರ್ಷದ ನಂತರ ಅದೇ ಆನಾ ತೊರೆಂತ್ ಅದರಲ್ಲಿ ಮತ್ತೆ ಕಾಣಿಸಿಕೊಂಡರು.

ಆಲೂಗಡ್ಡೆ ಸುಲಿಯುವ ಹೊತ್ತು

ಎರಡನೆಯದು ಬೆಲ್ಜಿಯಂ ದೇಶದ ಶಾಂತಾಲ್ ಆಕರ್‌ಮನ್ ಅವರದು. ಚಿತ್ರದ ಹೆಸರೇ ಒಂದು ವಿಳಾಸ: ‘ಜಾನ್ ಡೀಲ್‌ಮನ್, 23 ಕೇ ದು ಕಾಮರ್ಸ್, 1080 ಬ್ರಸೆಲ್ಸ್’. 1975ರ ಮೇ ತಿಂಗಳಲ್ಲಿ ಇದು ಕಾನ್ ಉತ್ಸವದಲ್ಲಿ ಮೊದಲು ತೆರೆಕಂಡಾಗ ಆಕೆಗೆ 25 ತುಂಬಿರಲಿಲ್ಲ. ಅವಧಿ 201 ನಿಮಿಷ, ಎಂದರೆ ಮೂರು ಗಂಟೆ ಇಪ್ಪತ್ತೊಂದು ನಿಮಿಷ. ಇಷ್ಟು ಹೊತ್ತಿನಲ್ಲಿ ಏನಾಗುತ್ತದೆ? ಒಬ್ಬ ವಿಧವೆ ಮನೆಗೆಲಸ ಮಾಡುತ್ತಾಳೆ. ಹಾಸಿಗೆ ಸರಿಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ, ಮಗನಿಗೆ ಊಟ ಬಡಿಸುತ್ತಾಳೆ, ಕೋಣೆಯಿಂದ ಹೊರಬರುವಾಗ ತಪ್ಪದೆ ದೀಪ ಆರಿಸುತ್ತಾಳೆ. ಮಧ್ಯಾಹ್ನ ಮನೆಗೆ ಬರುವ ಗಂಡಸರಿಗೆ ಮೈ ಮಾರಿ ಸಂಸಾರ ತೂಗಿಸುತ್ತಾಳೆ. ಮೊದಲೆರಡು ದಿನ ಅದನ್ನು ಕ್ಯಾಮರಾ ಮುಚ್ಚಿದ ಬಾಗಿಲಿನ ಹೊರಗೆ ನಿಂತು ಬಿಟ್ಟುಬಿಡುತ್ತದೆ. ಮೂರು ದಿನಗಳ ಕಥೆ.

ಕ್ಯಾಮರಾ ಕದಲುವುದಿಲ್ಲ, ಹತ್ತಿರಕ್ಕೂ ಹೋಗುವುದಿಲ್ಲ. ಮೊದಲ ದಿನ ನಾವು ಆಕೆಯ ಕೆಲಸದ ಕ್ರಮವನ್ನು ಕಲಿಯುತ್ತೇವೆ, ಬೇಸರದಿಂದಲೇ ಆಗಲಿ. ಎರಡನೆಯ ದಿನ ಆಲೂಗಡ್ಡೆ ಅತಿಯಾಗಿ ಬೆಂದು ಹಾಳಾಗುತ್ತದೆ. ಆ ಪಾತ್ರೆ ಹಿಡಿದುಕೊಂಡು ಆಕೆ ಎಲ್ಲಿಡಲೆಂದು ತಿಳಿಯದೆ ಮನೆಯಲ್ಲಿ ಅತ್ತಿಂದಿತ್ತ ಹೋಗುವುದನ್ನು ನೋಡುವಾಗ ಎದೆ ಹೊಡೆದುಕೊಳ್ಳುತ್ತದೆ. ಆಲೂಗಡ್ಡೆಗಾಗಿ! ಬೇರೆ ಚಿತ್ರಗಳಲ್ಲಿ ಕೊಲೆಯಾದರೂ ಇಷ್ಟು ಆತಂಕವಾಗದು. ಮನೆಗೆಲಸವನ್ನು ಅದಕ್ಕೆ ನಿಜವಾಗಿ ಹಿಡಿಯುವಷ್ಟೇ ಹೊತ್ತು ತೋರಿಸಿದ್ದರಿಂದ ಬಂದ ಫಲ ಇದು. ನಮ್ಮ ಮನೆಗಳಲ್ಲಿ ತಾಯಂದಿರು ದಿನಕ್ಕೆ ಎಷ್ಟು ಸಲ ಬಗ್ಗಿ ಏಳುತ್ತಾರೆಂದು ಎಣಿಸದವರಿಗೆ ಈ ಚಿತ್ರ ಎಣಿಸಿ ತೋರಿಸುತ್ತದೆ. ಪಾತ್ರ ವಹಿಸಿದ ಡೆಲ್ಫೀನ್ ಸೇರಿಗ್ ಆಗಲೇ ಪ್ರಸಿದ್ಧ ನಟಿ. ಛಾಯಾಗ್ರಹಣ ಬಾಬೆತ್ ಮಾಂಗೋಲ್ತ್ ಅವರದು. ತಂಡದಲ್ಲಿ ಹೆಚ್ಚಿನವರು ಹೆಂಗಸರೇ. ಆ ಕಾಲಕ್ಕೆ ಅದು ಅಪರೂಪ.

ಕಾನ್‌ನಲ್ಲಿ ಎಷ್ಟೋ ಜನ ಅರ್ಧದಲ್ಲೇ ಎದ್ದು ಹೋದರು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ವಿಮರ್ಶಕರ ಮತ ಸಂಗ್ರಹಿಸಿ ಸರ್ವಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. 2022ರಲ್ಲಿ 1,600ಕ್ಕೂ ಹೆಚ್ಚು ಮಂದಿ ಮತ ಹಾಕಿದ ಆ ಪಟ್ಟಿಯ ತುದಿಯಲ್ಲಿ ಇದೇ ಚಿತ್ರ ಬಂತು. ಮಹಿಳೆಯೊಬ್ಬರು ನಿರ್ದೇಶಿಸಿದ ಚಿತ್ರ ಆ ಸ್ಥಾನಕ್ಕೆ ಏರಿದ್ದು ಅದೇ ಮೊದಲು. ಇದು ಅತಿಯಾಯಿತು ಎಂದವರೂ ಇದ್ದರು, ಅವರ ಮಾತಿನಲ್ಲಿ ಸ್ವಲ್ಪ ಹುರುಳೂ ಇದೆ. ಚಿತ್ರಗಳನ್ನು ಓಟದ ಪಂದ್ಯದಂತೆ ಒಂದು, ಎರಡು ಎಂದು ನಿಲ್ಲಿಸುವುದೇ ವಿಚಿತ್ರ. ಆಕರ್‌ಮನ್ ಇದನ್ನು ನೋಡಲು ಇರಲಿಲ್ಲ, 2015ರಲ್ಲಿ ತೀರಿಕೊಂಡಿದ್ದರು.

ಎರಡು ಸಲ ತೆಗೆದ ಚಿತ್ರ

ಮೂರನೆಯದು ಸೋವಿಯತ್ ದೇಶದ ಆಂದ್ರೆಯ್ ತಾರ್ಕೋವ್‌ಸ್ಕಿ ಅವರ ‘ಸ್ಟಾಕರ್’, 1979ರದು. ಸ್ಟ್ರುಗಾತ್ಸ್ಕಿ ಸೋದರರ ಒಂದು ವೈಜ್ಞಾನಿಕ ಕಾದಂಬರಿ ಇದರ ಮೂಲ. ಏನೋ ನಡೆದು ಮನುಷ್ಯರು ಬಿಟ್ಟುಹೋದ ಒಂದು ಪ್ರದೇಶವಿದೆ. ಅದಕ್ಕೆ ‘ವಲಯ’ ಎಂದು ಹೆಸರು. ಸುತ್ತ ಕಾವಲು. ಒಳಗಿನ ಒಂದು ಕೋಣೆಗೆ ಹೋದವರ ಅಂತರಾಳದ ಆಸೆ ಈಡೇರುತ್ತದಂತೆ. ಒಬ್ಬ ಬರಹಗಾರನನ್ನೂ ಒಬ್ಬ ಪ್ರೊಫೆಸರನ್ನೂ ಕದ್ದು ಒಳಗೆ ಕರೆದೊಯ್ಯುವ ದಾರಿಗಾರನೇ ಸ್ಟಾಕರ್. ವೈಜ್ಞಾನಿಕ ಚಿತ್ರವೆಂದು ಯಂತ್ರಗಳನ್ನೋ ಹಾರುವ ತಟ್ಟೆಗಳನ್ನೋ ಹುಡುಕಬೇಡಿ. ಹುಲ್ಲು, ನೀರು, ತುಕ್ಕು ಹಿಡಿದ ಕಬ್ಬಿಣ, ಇಷ್ಟೇ ಇರುವುದು. ಪಟ್ಟಣದ ದೃಶ್ಯಗಳು ಕಂದು ಛಾಯೆಯಲ್ಲಿವೆ. ಮೂವರೂ ರೈಲುಹಳಿಯ ಮೇಲಿನ ಟ್ರಾಲಿಯಲ್ಲಿ ಕೂತು ಹೊರಡುತ್ತಾರೆ. ಚಕ್ರದ ಸದ್ದು ನಿಧಾನವಾಗಿ ಸಂಗೀತದೊಳಗೆ ಕರಗುತ್ತದೆ. ನಾವು ಅವರ ತಲೆಗಳನ್ನಷ್ಟೇ ನೋಡುತ್ತಾ ನಿಮಿಷಗಟ್ಟಲೆ ಸಾಗುತ್ತೇವೆ. ಆಮೇಲೆ ಒಮ್ಮೆಲೇ ಹಸಿರು ಕಾಣುತ್ತದೆ. ತೂಕಡಿಸಿದವರಿಗೂ ಆ ಹಸಿರು ನೆನಪಿರುತ್ತದೆ.

ಈ ಚಿತ್ರ ಹುಟ್ಟಿದ ಬಗೆ ಇನ್ನೊಂದು ಕಥೆ. ಎಸ್ತೋನಿಯಾದ ತಾಲಿನ್ ನಗರದ ಬಳಿ, ಪಾಳುಬಿದ್ದ ಜಲವಿದ್ಯುತ್ ಕೇಂದ್ರಗಳ ಸುತ್ತ 1977ರಲ್ಲಿ ಚಿತ್ರೀಕರಣ ನಡೆಯಿತು. ಬಳಸಿದ್ದು ಕೊಡಾಕ್ ಕಂಪನಿಯ ಹೊಸ ಬಗೆಯ ಫಿಲ್ಮು. ಸಂಸ್ಕರಣೆಯಲ್ಲಿ ಹೊರಾಂಗಣದ ಚಿತ್ರೀಕರಣ ಹಾಳಾಯಿತು. ತಾರ್ಕೋವ್‌ಸ್ಕಿ ಛಾಯಾಗ್ರಾಹಕ ಗಿಯೋರ್ಗಿ ರೆರ್ಬೆರ್ಗ್ ಅವರೊಂದಿಗೆ ಜಗಳವಾಡಿ ಬೇರೆಯಾದರು. ಎರಡು ಭಾಗಗಳ ಚಿತ್ರ ಮಾಡುತ್ತೇನೆಂದು ಅಧಿಕಾರಿಗಳನ್ನು ಒಪ್ಪಿಸಿ ಹೆಚ್ಚಿನ ಹಣ ಪಡೆದು, ಅಲೆಕ್ಸಾಂದರ್ ಕ್ನ್ಯಾಜಿನ್‌ಸ್ಕಿ ಅವರೊಡನೆ ಚಿತ್ರವನ್ನು ಮತ್ತೆ ತೆಗೆದರು. ಚಿತ್ರೀಕರಣದ ಜಾಗದ ಮೇಲುಭಾಗದಲ್ಲಿ ರಾಸಾಯನಿಕ ಕಾರ್ಖಾನೆಯೊಂದು ನದಿಗೆ ವಿಷ ಬಿಡುತ್ತಿತ್ತು, ತಂಡದ ಹಲವರ ಕ್ಯಾನ್ಸರಿಗೆ ಅದೇ ಕಾರಣ ಎಂದು ಧ್ವನಿಗ್ರಾಹಕ ವ್ಲಾದಿಮಿರ್ ಶಾರುನ್ ಮುಂದೆ ಹೇಳಿದರು. ರುಜುವಾತಾದ ಮಾತಲ್ಲ ಅದು. ತಾರ್ಕೋವ್‌ಸ್ಕಿ 1986ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು ಎಂಬುದಷ್ಟು ನಿಜ.

ಅದೇ ವರ್ಷ ಏಪ್ರಿಲಿನಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿತು. ಜನರನ್ನು ತೆರವುಮಾಡಿಸಿ ಬೇಲಿ ಹಾಕಿದ ಪ್ರದೇಶ ಹುಟ್ಟಿತು, ಅದಕ್ಕೂ ‘ವಲಯ’ವೆಂದೇ ಹೆಸರಾಯಿತು. ಅದರೊಳಗೆ ಕದ್ದು ಹೋಗುವವರು ತಮ್ಮನ್ನು ಸ್ಟಾಕರ್‌ಗಳೆಂದು ಕರೆದುಕೊಂಡರು. 2007ರಲ್ಲಿ ಉಕ್ರೇನಿನ ಕಂಪನಿಯೊಂದು ಅದೇ ಹೆಸರಿನ ಕಂಪ್ಯೂಟರ್ ಆಟ ತಂದಿತು. ಆಟದಿಂದ ಕಾದಂಬರಿಗೆ, ಕಾದಂಬರಿಯಿಂದ ಚಿತ್ರಕ್ಕೆ ಬಂದ ಹುಡುಗರು ಎಷ್ಟೋ ಮಂದಿ. ನಿಧಾನಗತಿಗೆ ಹೆಸರಾದ ಕಲಾತ್ಮಕ ಚಿತ್ರವೊಂದು ಹೀಗೆ, ನಿರ್ದೇಶಕರು ಕನಸಿನಲ್ಲೂ ಎಣಿಸದ ದಾರಿಯಲ್ಲಿ, ಕಲ್ಟ್ ಚಿತ್ರವೂ ಆಯಿತು.

ಹಾಡಿನ ಬೆಲೆ

ಪ್ರೇಕ್ಷಕರು ಇದ್ದರೆ ಸಾಲದು, ತೋರಿಸಲು ಪ್ರತಿ ಇರಬೇಕು, ತೋರಿಸುವ ಹಕ್ಕೂ ಇರಬೇಕು. ಚಾರ್ಲ್ಸ್ ಬರ್ನೆಟ್ ಅವರ ‘ಕಿಲ್ಲರ್ ಆಫ್ ಶೀಪ್’ ಚಿತ್ರದ ಗತಿ ಇದಕ್ಕೆ ಸಾಕ್ಷಿ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ಸಲ್ಲಿಸಿದ ಚಿತ್ರ ಅದು. 10,000 ಡಾಲರಿಗೂ ಕಡಿಮೆ ಹಣದಲ್ಲಿ, ವಾರಾಂತ್ಯಗಳಲ್ಲಿ, ವಾಟ್ಸ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ತೆಗೆದದ್ದು. ಕಸಾಯಿಖಾನೆಯಲ್ಲಿ ದುಡಿಯುವ ಸ್ಟ್ಯಾನ್‌ಗೆ ರಾತ್ರಿ ನಿದ್ದೆ ಬಾರದು. ಒಂದು ದಿನ ಅವನೂ ಗೆಳೆಯನೂ ಹಳೆಯ ಕಾರಿನ ಎಂಜಿನ್ನೊಂದನ್ನು ಕೊಂಡು, ಮೆಟ್ಟಿಲಿಳಿಸಿ, ಉಸಿರು ಕಟ್ಟಿಕೊಂಡು ಗಾಡಿಗೆ ಏರಿಸುತ್ತಾರೆ. ಗಾಡಿ ಹೊರಟ ಕೂಡಲೇ ಎಂಜಿನ್ ಹಿಂದಕ್ಕೆ ಉರುಳಿ ರಸ್ತೆಗೆ ಬಿದ್ದು ಹಾಳಾಗುತ್ತದೆ. ಬಡತನದ ಬಗ್ಗೆ ಎಷ್ಟೋ ಭಾಷಣಗಳು ಹೇಳಲಾರದ್ದು ಆ ಎರಡು ನಿಮಿಷದಲ್ಲಿದೆ.

ಬರ್ನೆಟ್ ಚಿತ್ರದುದ್ದಕ್ಕೂ ಹಳೆಯ ಧ್ವನಿಮುದ್ರಿಕೆಗಳ ಹಾಡುಗಳನ್ನು ಬಳಸಿದ್ದರು. ವಿದ್ಯಾರ್ಥಿಯ ಚಿತ್ರಕ್ಕೆ ಯಾರು ಹಕ್ಕು ಕೇಳುತ್ತಾರೆ? ಆದರೆ ಚಿತ್ರಮಂದಿರದಲ್ಲಿ ಬಿಡುಗಡೆ ಮಾಡಬೇಕಾದರೆ ಪ್ರತಿ ಹಾಡಿಗೂ ಹಣ ಕಟ್ಟಬೇಕಿತ್ತು. ಹೀಗಾಗಿ 1977ರ ಚಿತ್ರ ವ್ಯಾಪಕವಾಗಿ ಬಿಡುಗಡೆಯಾದದ್ದು 2007ರಲ್ಲಿ. ಈ ನಡುವೆ 1990ರಲ್ಲೇ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಅದು ಸೇರಿತ್ತು. ದೇಶದ ಆಸ್ತಿ ಎಂದು ಸರ್ಕಾರವೇ ಘೋಷಿಸಿದ ಚಿತ್ರವನ್ನು ದೇಶದ ಜನ ಟಿಕೆಟ್ ಕೊಂಡು ನೋಡುವಂತಿರಲಿಲ್ಲ. ಕಾಲೇಜಿನಲ್ಲಿ ಕಿರುಚಿತ್ರ ತೆಗೆಯುತ್ತಿರುವವರು ಹಿನ್ನೆಲೆಗೆ ಯಾರದೋ ಹಾಡು ಹಾಕುವ ಮುನ್ನ ಈ ಕಥೆಯನ್ನು ನೆನೆಯುವುದು ಒಳ್ಳೆಯದು.

ನಮ್ಮ ಕಡೆ ಈ ಬಗೆಯ ಚಿತ್ರಗಳಿಗೆ ಮಧ್ಯರಾತ್ರಿಯ ಆಟವಿರಲಿಲ್ಲ. ಸಿಕ್ಕಿದರೆ ಮಾರ್ನಿಂಗ್ ಶೋ. ಉಳಿದಂತೆ ಅವುಗಳನ್ನು ಕಾಪಾಡಿದ್ದು ಚಿತ್ರಸಮಾಜಗಳು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರ ಹುಟ್ಟಿತು. ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಅದೇ ದಶಕದಲ್ಲಿ ಜಗತ್ತಿನ ಚಿತ್ರಗಳನ್ನು ತಂದು ರೈತರಿಗೂ ತೋರಿಸಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ರೀಲಿನ ಡಬ್ಬಿಗಳು ಇಂಥ ಸಂಘಗಳಿಗೆ ಬರುತ್ತಿದ್ದವು. ಡಬ್ಬಿ ಬಂದ ದಿನ ನೋಡದಿದ್ದರೆ ಮತ್ತೆ ಎಂದು ಎಂಬುದು ಯಾರಿಗೂ ತಿಳಿಯದು.

‘ಇರೇಸರ್‌ಹೆಡ್’ ಬಂದ 1977ರಲ್ಲೇ ನಮ್ಮಲ್ಲಿ ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ ಬಂತು, ಸ್ವರ್ಣಕಮಲ ಪಡೆಯಿತು. ಆಕರ್‌ಮನ್ ಮತ್ತು ಕಾಸರವಳ್ಳಿ ಒಂದೇ ವರ್ಷ, 1950ರಲ್ಲಿ, ಹುಟ್ಟಿದವರು. ಪ್ರಶಸ್ತಿ ಬಂದ ಮಾತ್ರಕ್ಕೆ ಫಿಲ್ಮು ಕೆಡದೇ ಉಳಿಯುವುದಿಲ್ಲ. ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಆರಂಭಿಸಿದ ವಿಶ್ವ ಸಿನಿಮಾ ಯೋಜನೆ, ಲೋಕದ ಬೇರೆ ಬೇರೆ ದೇಶಗಳ ಇಂಥ ಚಿತ್ರಗಳನ್ನು ಹುಡುಕಿ ದುರಸ್ತಿ ಮಾಡುತ್ತದೆ. ಸೆನೆಗಾಲಿನ ಜಿಬ್ರಿಲ್ ಡಿಯೊಪ್ ಮಾಂಬೆತಿ 1973ರಲ್ಲಿ ಮಾಡಿದ ‘ತೂಕಿ ಬೂಕಿ’ ಹೀಗೆಯೇ 2008ರಲ್ಲಿ ಹೊಸ ಜೀವ ಪಡೆಯಿತು. ಗೂಳಿಯ ಕೊಂಬು ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಊರು ಸುತ್ತುತ್ತಾ ಪ್ಯಾರಿಸ್ಸಿನ ಕನಸು ಕಾಣುವ ಜೋಡಿಯ ಕಥೆ ಅದು. ‘ಘಟಶ್ರಾದ್ಧ’ವನ್ನು ಇದೇ ಯೋಜನೆ, ನಮ್ಮ ದೇಶದ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಜೊತೆಗೂಡಿ, ಚೌಕಟ್ಟು ಚೌಕಟ್ಟಾಗಿ ಸರಿಪಡಿಸಿತು. 2024ರ ವೆನಿಸ್ ಉತ್ಸವದಲ್ಲಿ ಹೊಸ ಪ್ರತಿ ತೆರೆಕಂಡಿತು.

ಇವುಗಳಲ್ಲಿ ಯಾವುದರಿಂದ ಶುರುಮಾಡಬೇಕು ಎಂದು ಕೇಳುವವರಿಗೆ ಒಂದು ಮಾತು. ಹೈಸ್ಕೂಲಿನವರು ಎರಿಸೆಯ ಚಿತ್ರವನ್ನು ಮೊದಲು ನೋಡಿ. ನೂರು ನಿಮಿಷದೊಳಗೆ ಮುಗಿಯುತ್ತದೆ. ಆಮೇಲೆ ‘ಘಟಶ್ರಾದ್ಧ’ ನೋಡಿ. ಅದರಲ್ಲೂ ದೊಡ್ಡವರ ಲೋಕವನ್ನು ಒಂದು ಮಗುವಿನ ಕಣ್ಣು ನೋಡುತ್ತಿರುತ್ತದೆ. ‘ಎಲ್ ತೋಪೊ’, ‘ಇರೇಸರ್‌ಹೆಡ್’, ‘ಜಾನ್ ಡೀಲ್‌ಮನ್’ ವಯಸ್ಕರ ಚಿತ್ರಗಳು, ಕಾಲೇಜಿನವರಿಗೆ ಬಿಡಿ. ‘ಸ್ಟಾಕರ್’ ನೋಡುವವರು ರಾತ್ರಿ ಊಟವಾದ ಮೇಲೆ ಕೂರಬೇಡಿ, ಬೆಳಿಗ್ಗೆ ನೋಡಿ. ಟ್ರಾಲಿಯ ದೃಶ್ಯ ಬಂದಾಗ ಕೈ ತಾನಾಗಿ ರಿಮೋಟಿನ ಕಡೆಗೆ ಹೋಗುತ್ತದೆ. ಅದನ್ನು ಮೊದಲೇ ಬೇರೆ ಕೋಣೆಯಲ್ಲಿಟ್ಟು ಬನ್ನಿ.